ಪರ್ಮಿಟ್ ರೂಮಿನ ದೆವ್ವ

ಮುಂಬೈಯಲ್ಲಿ ದೆವ್ವ ಹುಡುಕುವವರು ಕೊಲಾಬಾದ ಪಾಳುಬಿದ್ದ ಮುಕೇಶ್ ಮಿಲ್ಲಿನ ಕಡೆ ಹೋಗುತ್ತಾರೆ. ಅಷ್ಟು ದೂರ ಯಾಕೆ? ದಾದರ್ ಸ್ಟೇಷನ್ನಿನಲ್ಲಿ ಇಳಿದು ಹಳೆಯದೊಂದು ‘ರೆಸ್ಟೊರೆಂಟ್ ಆ್ಯಂಡ್ ಪರ್ಮಿಟ್ ರೂಂ’ ಹೊಕ್ಕರೆ ಸಾಕು. ಗಲ್ಲಾದಲ್ಲಿ ಹೆಚ್ಚಾಗಿ ನಮ್ಮ ಕರಾವಳಿಯವರೇ. ತಲೆಯ ಮೇಲೆ ದೇವರ ಪಟ, ಅದಕ್ಕೆ ಹೂಮಾರ್ಕೆಟ್ಟಿನ ಚೆಂಡುಹೂವಿನ ಮಾಲೆ, ಪಕ್ಕದಲ್ಲಿ ಕಟ್ಟು ಹಾಕಿಸಿದ ಅಬಕಾರಿ ಲೈಸೆನ್ಸು. ದೆವ್ವ ಇರುವುದು ಆ ಕಾಗದದಲ್ಲಿ.

ಅದು 1949ರ ಮುಂಬೈ ಪಾನನಿರೋಧ ಕಾಯ್ದೆಯದು. ಮೊರಾರ್ಜಿ ದೇಸಾಯಿ ಆಗ ಮುಂಬೈ ಪ್ರಾಂತ್ಯದ ಗೃಹಮಂತ್ರಿ. ಅವರ ಹಟ ಗೊತ್ತಿದ್ದವರು ಯಾರೂ ಎದುರಾಡುತ್ತಿರಲಿಲ್ಲ. ಎದುರಾಡಿದವನು ಫ್ರಾಮ್ ನಸರ್‌ವಾನ್‌ಜಿ ಬಲ್ಸಾರಾ ಎಂಬ ಪಾರ್ಸಿ. ಅವನು ಕೋರ್ಟಿಗೆ ಒಯ್ದ ಪಟ್ಟಿ ಓದಿದರೆ ಇಂದಿಗೂ ನಗು ಬರುತ್ತದೆ: ವಿಸ್ಕಿ, ಬ್ರಾಂದಿ, ರಮ್, ವೈನ್, ಬಿಯರ್, ಜೊತೆಗೆ ಕೊಲೋನ್, ಲ್ಯಾವೆಂಡರ್ ನೀರು! ಸರ್ಕಾರಕ್ಕೆ ಮದ್ಯಸಾರವಿದ್ದದ್ದೆಲ್ಲ ಹೆಂಡವೇ. 1951ರ ಮೇ 25ರಂದು ಸುಪ್ರೀಂ ಕೋರ್ಟು ಔಷಧಿ ಮತ್ತು ಅಲಂಕಾರದ ಸಾಮಗ್ರಿಗಳನ್ನು ಬಿಡಿಸಿಕೊಟ್ಟಿತು, ಪಾನನಿರೋಧವನ್ನು ಮಾತ್ರ ಎತ್ತಿಹಿಡಿಯಿತು. ಪಾಪ, ಬಲ್ಸಾರಾನಿಗೆ ದಕ್ಕಿದ್ದು ಮೈಗೆ ಹಚ್ಚುವ ಸುಗಂಧ.

ಆಮೇಲಿನದು ಕದ್ದು ಹೆಂಡ ಮಾರುವ ‘ಆಂಟಿ’ಯರ ಕಾಲ. ಮನೆಯ ಹಜಾರದಲ್ಲೇ ಕಳ್ಳಭಟ್ಟಿ, ಜೊತೆಗೆ ಬೇಯಿಸಿದ ಮೊಟ್ಟೆ. ಅರವತ್ತರ ದಶಕದಲ್ಲಿ ಹಿಡಿತ ಸಡಿಲಿಸಿದಾಗಲೂ ಸರ್ಕಾರ ಕಾಯ್ದೆಯನ್ನು ರದ್ದು ಮಾಡಲಿಲ್ಲ, ಪರ್ಮಿಟ್ಟನ್ನು ಸುಲಭ ಮಾಡಿತು ಅಷ್ಟೆ. ‘ಆರೋಗ್ಯದ ರಕ್ಷಣೆಗಾಗಿ’ ಕುಡಿಯಲು ಅನುಮತಿ! ಹೀಗೆ ಮುಂಬೈಯ ಕುಡುಕರೆಲ್ಲ ಕಾಗದದ ಮೇಲೆ ರೋಗಿಗಳಾದರು, ಪರ್ಮಿಟ್ ಹಿಡಿದು ಅವರು ಕೂತು ಕುಡಿಯುವ ಕೋಣೆ ‘ಪರ್ಮಿಟ್ ರೂಂ’ ಆಯಿತು.

ದಾದರಿನ ಈ ಕೋಣೆಗಳ ಸುತ್ತ ಇದ್ದದ್ದು ಗಿರಣಿಗಳ ಊರು. 1982ರ ಮುಷ್ಕರದ ನಂತರ ಕಾರ್ಮಿಕರು ಚದುರಿದರು. ಕೊಹಿನೂರ್ ಮಿಲ್ಲಿನ ಜಾಗದಲ್ಲಿ ಈಗ ಗಾಜಿನ ಗೋಪುರ. ಅದಕ್ಕೆ ತಕ್ಕಂತೆ ಪರ್ಮಿಟ್ ರೂಮುಗಳೂ ಫಾರ್ಮಿಕಾ ಮೇಜು ಕಿತ್ತು ‘ಲೌಂಜ್’ ಆಗುತ್ತಿವೆ. ನೀಲಿ ದೀಪದಡಿ ಕಡಲೆಬೀಜಕ್ಕೂ ದುಡ್ಡು ಕೇಳುವುದನ್ನು ಪ್ರಗತಿ ಎನ್ನುವುದಾದರೆ ಅನ್ನಲಿ.

ಹೊಸ ಬಣ್ಣ ಬಳಿದರೂ ಕಾಯ್ದೆ ಸತ್ತಿಲ್ಲ. 2012ರಲ್ಲಿ ಪೊಲೀಸರು ದಾಳಿಗಿಳಿದು ಪರ್ಮಿಟ್ ಕೇಳತೊಡಗಿದಾಗ ಊರಿಗೇ ಗಾಬರಿ. ಅದು ಯಾರ ಜೇಬಿನಲ್ಲಿತ್ತು? ಜೀವಮಾನದ್ದಕ್ಕೆ 1000 ರೂಪಾಯಿ, ಒಂದು ದಿನದ್ದಕ್ಕೆ 5. ದಿನದ ಚೀಟಿಯ ಐದು ರೂಪಾಯಿ ಬಿಲ್ಲಿಗೆ ಸೇರಿದ್ದು ಕಂಡು ಗಿರಾಕಿಗಳು ಬೈದದ್ದು ಮೊರಾರ್ಜಿಯವರನ್ನಲ್ಲ, ಗಲ್ಲಾದಲ್ಲಿದ್ದ ಶೆಟ್ಟರನ್ನು.