ಮಗಳು ಹಾಡಲೆಂದು ಹಾಡು ಬಿಟ್ಟ ಅಂಬಾಬಾಯಿ

ಧಾರವಾಡದಲ್ಲಿ ಕಲ್ಲು ಒಗೆದರೆ ಅದು ಕವಿಯ ಮನೆ ಮೇಲಾದರೂ ಬೀಳಬೇಕು, ಇಲ್ಲಾ ಗವಾಯಿಯ ಮನೆ ಮೇಲಾದರೂ ಬೀಳಬೇಕು ಅಂತ ಮಾತಿದೆ. ಮಾತು ಹಳೆಯದಾಯ್ತು. ಆದರೆ ಮಗನಿಗೆ ತಬಲಾ, ಮಗಳಿಗೆ ಪೇಟಿ ಕೊಡಿಸಿ ಕ್ಲಾಸಿಗೆ ಅಟ್ಟುವ ತಂದೆ-ತಾಯಿಗಳು ಅವಳಿ ನಗರದಲ್ಲಿ ಇಂದಿಗೂ ಕಡಿಮೆ ಇಲ್ಲ. ಟೀವಿಯವರು ಹಾಡಿನ ಸ್ಪರ್ಧೆ ಶುರು ಹಚ್ಚಿದ ಮೇಲಂತೂ ಕೇಳಲೇಬೇಡಿ. ಮೈಕಿನ ಮುಂದೆ ನಿಂತ ಕೂಸಿಗಿಂತ ಕೆಳಗೆ ಕೂತ ಅಪ್ಪ-ಅಮ್ಮನೇ ಹೆಚ್ಚು ಬೆವರುತ್ತಾರೆ!

ಇಂಥವರು ಒಮ್ಮೆ ಅಂಬಾಬಾಯಿಯ ಕತೆ ಕೇಳಬೇಕು.

ಯಾವ ಅಂಬಾಬಾಯಿ ಅಂತೀರಾ? ಗಂಗೂಬಾಯಿ ಹಾನಗಲ್ಲರ ತಾಯಿ. ಮಗಳ ಹೆಸರಲ್ಲಿ ಮೈಸೂರಲ್ಲಿ ವಿಶ್ವವಿದ್ಯಾಲಯ ಇದೆ, ಹುಬ್ಬಳ್ಳಿಯಲ್ಲಿ ಗುರುಕುಲ ಇದೆ. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಮನೆಗೆ ಬಂದವು. ತಾಯಿಯ ಹೆಸರು ಹೇಳಿದರೆ ಮಾತ್ರ ಯಾರಾಕಿ ಅಂತ ಕೇಳುವವರೇ ಜಾಸ್ತಿ.

ಅಂಬಾಬಾಯಿ ಸ್ವತಃ ಹಾಡುಗಾರ್ತಿ. ಅದೂ ಕರ್ನಾಟಕ ಪದ್ಧತಿಯಲ್ಲಿ ಪಳಗಿದ ಕಂಠ. ಆಗ ಧಾರವಾಡ ಮುಂಬೈ ಇಲಾಖೆಯಲ್ಲಿತ್ತು. ಮರಾಠಿ ನಾಟಕ ಕಂಪನಿಗಳು ಬಂದು ಟೆಂಟ್ ಹಾಕಿದರೆ ಊರೇ ನಾಟ್ಯಗೀತ ಗುನುಗುತ್ತಿತ್ತು. ಮಿರಜಿನಿಂದ ಮೈಸೂರು ದರ್ಬಾರಿಗೆ ಹೋಗಿ ಬರುವ ಉಸ್ತಾದರು ನಡುವೆ ಇಲ್ಲಿ ಇಳಿಯುತ್ತಿದ್ದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರಂಥ ಖಾನ್‌ಸಾಹೇಬರೇ ಅಂಬಾಬಾಯಿಯ ಮನೆಗೆ ಬಂದು ಕೂತು ಆಕೆಯ ಹಾಡು ಕೇಳುತ್ತಿದ್ದರು ಅಂದಮೇಲೆ ಆಕೆ ಸಣ್ಣ ಪುಟ್ಟ ಹಾಡುಗಾರ್ತಿ ಅಲ್ಲ.

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಂದೆ ಚಿಕ್ಕೂರಾವ್ ನಾಡಿಗೇರ್, ಒಕ್ಕಲುತನದವರು. ಹುಡುಗಿಗೆ ಹಿಡಿಸಿದ್ದು ತಾಯಿಯ ಪದ್ಧತಿಯಲ್ಲ, ಹಿಂದುಸ್ತಾನಿ! ಬೀದಿಯಲ್ಲಿ ಗ್ರಾಮೋಫೋನ್ ಸದ್ದು ಕೇಳಿದರೆ ಸಾಕು, ಮನೆ ಬಿಟ್ಟು ಓಡುತ್ತಿದ್ದಳಂತೆ.

ಇಲ್ಲಿ ತಾಯಿ ಏನು ಮಾಡಬೇಕಿತ್ತು? ನನ್ನ ವಿದ್ಯೆ ನಿನಗೆ ಯಾಕೆ ಬೇಡ ಅಂತ ಜಬರಿಸಬಹುದಿತ್ತು. ಎರಡನ್ನೂ ಕಲಿ ಅನ್ನಬಹುದಿತ್ತು. ನಮ್ಮ ನಿಮ್ಮ ಮನೆಯಲ್ಲಾಗಿದ್ದರೆ ಆಗುತ್ತಿದ್ದದ್ದೇ ಅದು. ಅಂಬಾಬಾಯಿ ಹಾಗೆ ಮಾಡಲಿಲ್ಲ. ಮಗಳು ಹಿಂದುಸ್ತಾನಿ ಕಲಿಯತೊಡಗಿದ ಮೇಲೆ ಆಕೆ ತನ್ನ ಕರ್ನಾಟಕ ಸಂಗೀತ ಹಾಡುವುದನ್ನೇ ನಿಲ್ಲಿಸಿಬಿಟ್ಟರು.

ಸಂಗೀತ ಗೊತ್ತಿಲ್ಲದವರಿಗೆ ಇದು ಅತಿಯಾಯ್ತು ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಕರ್ನಾಟಕದವರು ಸ್ವರವನ್ನು ಗಮಕದಲ್ಲಿ ತೂಗಿ ಹಾಡುತ್ತಾರೆ. ಕಿರಾಣಾದವರು ಒಂದೇ ಸ್ವರದ ಮೇಲೆ ನಿಂತು, ಮೆಲ್ಲಗೆ ಮುಂದಿನದಕ್ಕೆ ಬಡತ ಮಾಡುತ್ತಾ ಹೋಗುತ್ತಾರೆ. ಎಳೆಯ ಕಿವಿಗೆ ಮುಂಜಾನೆ ಅಡಿಗೆಮನೆಯಲ್ಲಿ ಒಂದು, ಸಂಜೆ ಗುರುಗಳ ಮುಂದೆ ಇನ್ನೊಂದು ಬಿದ್ದರೆ ಎರಡೂ ಕಲಬೆರಕೆ ಆದಾವು ಅನ್ನೋದು ಆ ತಾಯಿಯ ಅಂಜಿಕೆ. ಅದಕ್ಕೆ ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡರು. ಯಾರೂ ಹಾಕಿಸಿದ್ದಲ್ಲ.

ಹಾಡುವ ಹೆಂಗಸಿಗೆ ಆಗಿನ ಸಮಾಜ ಕೊಟ್ಟ ಬೆಲೆಯೂ ಗೊತ್ತಿರಲಿ. ಬೀದಿಗಿಳಿದರೆ ‘ಗಾನೇವಾಲಿ’ ಅಂತ ಹಂಗಿಸುವವರು ಇದ್ದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲೆ ಗಂಗೂಬಾಯಿ ಸ್ವಾಗತಗೀತೆ ಹಾಡಿದಳು. ಜಾತಿಯ ಕಾರಣಕ್ಕೆ ಉಂಡ ಎಲೆ ಎತ್ತಲು ಹಚ್ಚುತ್ತಾರೇನೋ ಅನ್ನುವ ಹೆದರಿಕೆ ಮಾತ್ರ ಆ ಹುಡುಗಿಯ ಹೊಟ್ಟೆಯಲ್ಲಿತ್ತು. ಈ ಅವಮಾನವನ್ನೆಲ್ಲ ಉಂಡವರೇ ಅಂಬಾಬಾಯಿ. ಆದರೂ ಮಗಳಿಗೆ ಈ ದಾರಿ ಬೇಡ ಅನ್ನಲಿಲ್ಲ.

ಶಾಲೆ ಐದನೇ ಇಯತ್ತೆಗೆ ಮುಗಿಯಿತು. (ಪಿಯುಸಿ ಅರ್ಧಕ್ಕೆ ಬಿಟ್ಟ ನಮ್ಮಂಥವರಿಗೆ ಇದು ಓದಿ ಕೊಂಚ ಸಮಾಧಾನ!) 1928ರಲ್ಲಿ ಮಗಳ ಕಲಿಕೆಗಾಗಿ ಇಡೀ ಸಂಸಾರವೇ ಹುಬ್ಬಳ್ಳಿಗೆ ಬಂತು. ಮೊದಲು ಕೃಷ್ಣಾಚಾರ್ಯರು, ಆಮೇಲೆ ದತ್ತೋಪಂತ ದೇಸಾಯಿ, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರು.

1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಮಗಳಿಗಾಗ ಬರೀ ಹತ್ತೊಂಬತ್ತು. ನೋಡ್ರಿ ಎಂಥಾ ಲೆಕ್ಕ! ಸವಾಯಿ ಗಂಧರ್ವರು ನಾಟಕದ ತಿರುಗಾಟ ಮುಗಿಸಿ ಊರಲ್ಲಿ ನೆಲೆನಿಂತು ಗಂಗೂಬಾಯಿಗೆ ಜೋರು ತಾಲೀಮು ಕೊಟ್ಟದ್ದು 1930ರ ದಶಕದ ಕೊನೆಗೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು, ಪಾಠ ಮುಗಿಸಿ ರಾತ್ರಿ ಮತ್ತೆ ರೈಲು. ಸ್ಟೇಷನ್ನಿನವರೆಗೆ ಕಳಿಸಿಬರುತ್ತಿದ್ದ ಪೋರ ಯಾರು ಗೊತ್ತೇ? ಗುರುಮನೆಯಲ್ಲಿದ್ದ ಭೀಮಸೇನ ಜೋಶಿ. ಯಾವ ಗಾಯನಕ್ಕಾಗಿ ತಾಯಿ ತನ್ನ ಹಾಡು ಬಿಟ್ಟಳೋ ಆ ಗಾಯನ ಹಣ್ಣಾಗುವ ಹೊತ್ತಿಗೆ ಕೇಳಲು ತಾಯಿಯೇ ಇರಲಿಲ್ಲ.

ಭೀಮಸೇನರ ತಂದೆ ಗುರುರಾಜ ಜೋಶಿ ಮಾಸ್ತರರದ್ದು ಬೇರೆಯೇ ಪಾಡು. ಮೆರವಣಿಗೆ ಬ್ಯಾಂಡು, ಭಜನೆ ಎಲ್ಲಿ ಕೇಳಿದರೂ ಮಗ ಹಿಂದೆ ಬಿದ್ದು ಹೋಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾಗಿ, ಇವನು ಜೋಶಿ ಮಾಸ್ತರರ ಮಗ ಅಂತ ಅಂಗಿಯ ಮೇಲೇ ಬರೆಸಿದರು! ಹನ್ನೊಂದರ ವಯಸ್ಸಿಗೆ ಮಗ ಮನೆಯನ್ನೇ ಬಿಟ್ಟ. ಹುಡುಕಿ ತಂದ ಮೇಲೆ ತಂದೆ ಹೊಡೆದು ಕೂಡಿಹಾಕಲಿಲ್ಲ, ಸವಾಯಿ ಗಂಧರ್ವರ ಬಳಿ ಕಲಿಯಲು ಬಿಟ್ಟರು.

ಇನ್ನು ಅಂಬಾಬಾಯಿಯ ಮೊಮ್ಮಗಳು ಕೃಷ್ಣಾ. ಈಕೆಯ ವಿಷಯ ಪತ್ರಿಕೆಗಳು ಬರೆದದ್ದು ಕಡಿಮೆ. ದಶಕಗಟ್ಟಲೆ ತಾಯಿ ಗಂಗೂಬಾಯಿಯ ಹಿಂದೆ ಕೂತು, ಅವರು ಉಸಿರು ತೆಗೆದುಕೊಳ್ಳುವ ಕಡೆ ತಾನು ಸ್ವರ ಹಿಡಿದು ಹಾಡಿದಾಕೆ. ತಾಯಿಯ ಆ ಭಾರಿ ಗಂಡುದನಿಗೆ ಮಗಳ ತೆಳು ದನಿ ಜೋಡಿ. ಧ್ವನಿಮುದ್ರಿಕೆಗಳಲ್ಲಿ ಎರಡೂ ಕೇಳುತ್ತವೆ. ಚಪ್ಪಾಳೆ ಬಿದ್ದದ್ದು ಮುಂದೆ ಕೂತವರಿಗೆ. ಅಜ್ಜಿ ಮಗಳಿಗಾಗಿ ಬಾಯಿ ಮುಚ್ಚಿದಳು, ಮೊಮ್ಮಗಳು ತಾಯಿಗಾಗಿ ಬಾಯಿ ತೆರೆದಳು. ಯಾರದ್ದು ಹೆಚ್ಚು ತ್ಯಾಗ ಅಂತ ತೂಗಲು ನಮ್ಮ ಹತ್ತಿರ ತಕ್ಕಡಿ ಇಲ್ಲ. ಬೆನ್ನ ಹಿಂದೆ ಕೂತು ಹಾಡುವ ಮಕ್ಕಳಿಗೂ ಒಂದು ಸ್ವಂತ ಕಛೇರಿ ಬೇಕು ಅನ್ನಿಸುತ್ತದಲ್ಲ, ಅದನ್ನು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು.

ಕೃಷ್ಣಾ 2004ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ತಾಯಿಯ ಕಣ್ಣೆದುರಿಗೇ. ತೊಂಬತ್ತು ದಾಟಿದ ಗಂಗೂಬಾಯಿ 2006ರಲ್ಲಿ ಕೊನೆಯ ಸಲ ಕಛೇರಿಗೆ ಕೂತರು. ಹಿಂದೆ ಕೃಷ್ಣಾ ಇರಲಿಲ್ಲ.