ಗಣಕದ ಕಿರಿಯ ಸೇವಕರು

ಮದುವೆಯ ಚಪ್ಪರದ ಅಲಂಕಾರವನ್ನು ಹೊಗಳುವವರು ಬಹಳ. ಅದರ ಕಂಬಗಳನ್ನು ಬಿಗಿದು ಹಿಡಿದಿರುವ ಹಗ್ಗವನ್ನು ಗಮನಿಸುವವರು ವಿರಳ. ಗಣಕಯಂತ್ರದ ವಿಷಯವೂ ಹೀಗೆಯೇ. ಅದರ ವೇಗ, ಅದರ ಬೆಲೆ, ಅದರ ಪರದೆಯ ಅಗಲ ಇವುಗಳ ವಿಚಾರವಾಗಿ ಜನ ಗಂಟೆಗಟ್ಟಲೆ ಮಾತನಾಡುತ್ತಾರೆ. ಆದರೆ ದಿನನಿತ್ಯದ ಕೆಲಸವನ್ನು ನಿಜವಾಗಿ ಹಗುರಗೊಳಿಸುವ ಪುಟ್ಟ ಪುಟ್ಟ ತಂತ್ರಾಂಶಗಳ ಹೆಸರೆತ್ತುವವರು ಇಲ್ಲವೆಂದರೂ ಸಲ್ಲುತ್ತದೆ.

ಅವುಗಳ ಬೆಲೆಯನ್ನು ಅರಿಯಬೇಕಾದರೆ ಯಾದಗಿರಿ, ಶಹಾಪುರ, ಸುರಪುರದಂತಹ ಊರುಗಳಲ್ಲಿ ಅರ್ಜಿಗಳನ್ನು ತುಂಬಿಕೊಡುವ ಜೆರಾಕ್ಸ್ ಅಂಗಡಿಯ ಬಾಗಿಲಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಉದ್ಯೋಗದ ಅರ್ಜಿಗೆ ಅದೇ ಕೊನೆಯ ದಿನ. ಭಾವಚಿತ್ರದ ಗಾತ್ರ 50 ಕಿಲೋಬೈಟ್ ಮೀರಕೂಡದೆಂಬುದು ನಿಯಮ. ತರುಣನು ಮೊಬೈಲಿನಲ್ಲಿ ತೆಗೆಸಿಕೊಂಡು ಬಂದಿರುವ ಚಿತ್ರವೋ 3 ಮೆಗಾಬೈಟ್, ಅಂದರೆ ಅದರ ಸುಮಾರು ಅರವತ್ತು ಪಟ್ಟು! ಚಿತ್ರವನ್ನು ಕುಗ್ಗಿಸುವ ಒಂದು ಕಿರು ತಂತ್ರಾಂಶ ಆ ಗಂಟನ್ನು ಅರೆಗಳಿಗೆಯಲ್ಲಿ ಬಿಡಿಸುತ್ತದೆ. ಮತ್ತೊಂದು, ಮೂರು ಅಂಕಪಟ್ಟಿಗಳನ್ನು ಒಂದೇ ಕಡತವಾಗಿ ಹೊಲಿಯುತ್ತದೆ. ಇಷ್ಟು ಸಣ್ಣ ಕೆಲಸ ಆಗದೆ ಹೋದರೆ, ವರ್ಷವಿಡೀ ಓದಿದ ಹುಡುಗನ ಅರ್ಜಿ ಗಡುವಿನೊಳಗೆ ಸೇರದೆ ಉಳಿಯುತ್ತದೆ.

ಆರು ಕೀಲಿಗಳಲ್ಲಿ ಒಂದು ಊರು

ಈ ಸೇವಕರಲ್ಲೆಲ್ಲ ಕನ್ನಡಿಗರಿಗೆ ಹೆಚ್ಚು ಉಪಕಾರ ಮಾಡಿದುದು, ಕೀಲಿಮಣೆಗೆ ಕನ್ನಡ ಕಲಿಸಿದ ಸಾಧನ. ಇಂಗ್ಲಿಷ್ ಅಕ್ಷರಗಳಿಗಾಗಿ ಮಾಡಿದ ಕೀಲಿಮಣೆ. ಅದರಲ್ಲಿ ಅಕ್ಷರದ ಕೀಲಿಗಳು 26 ಮಾತ್ರ. ಕಾಗುಣಿತ, ಒತ್ತಕ್ಷರಗಳ ನಮ್ಮ ದೊಡ್ಡ ಸಂಸಾರವನ್ನು ಅಷ್ಟರಲ್ಲಿ ಹಿಡಿಸುವುದೆಂತು? ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಕೆ. ಪಿ. ರಾವ್ ಅವರು, ಉಚ್ಚಾರಣೆಯನ್ನೇ ಆಧಾರವಾಗಿಟ್ಟುಕೊಂಡು ಒಂದು ಸರಳ ವಿನ್ಯಾಸವನ್ನು ರೂಪಿಸಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ಸರಕಾರಿ ಕಚೇರಿಗಳನ್ನು ಹೊಕ್ಕಿತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ವೂ ಮನೆಮನೆಗಳಲ್ಲಿ ಕನ್ನಡ ಬೆರಳಚ್ಚನ್ನು ಬಳಕೆಗೆ ತಂದಿತು.

ಈ ವಿನ್ಯಾಸದ ಜಾಣ್ಮೆಗೆ ಸುರಪುರದ ಹೆಸರೇ ಸಾಕ್ಷಿ. ಎಸ್, ಯು, ಆರ್, ಪಿ, ಯು, ಆರ್ ಎಂಬ ಆರು ಕೀಲಿಗಳನ್ನು ಒತ್ತಿದರೆ ಪರದೆಯ ಮೇಲೆ ‘ಸುರಪುರ’ ಮೂಡುತ್ತದೆ. ವ್ಯಂಜನದ ಕೀಲಿಯಲ್ಲಿಯೇ ‘ಅ’ಕಾರ ಅಡಗಿರುವುದರಿಂದ ಅದಕ್ಕಾಗಿ ಬೇರೆ ಕೀಲಿಯನ್ನು ಒತ್ತಬೇಕಾಗಿಲ್ಲ.

ಅಕ್ಷರ ಅಳಿದಾಗ

ಆದರೆ ಬರೆದುದೆಲ್ಲ ಉಳಿಯಿತೇ? ಇಲ್ಲಿದೆ ನೋವಿನ ಕಥೆ. ಹಳೆಯ ಪದ್ಧತಿಯಲ್ಲಿ ಗಣಕವು ಕನ್ನಡವನ್ನು ಕನ್ನಡವೆಂದು ಅರಿಯುತ್ತಿರಲಿಲ್ಲ. ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ; ಹೊರಗೆ ಹೊದಿಸಿದ್ದುದು ಕನ್ನಡ ಅಚ್ಚಿನ ಅಂಗಿ. ಆ ಅಚ್ಚು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಅಂಗಿ ಕಳಚಿಬಿದ್ದು, ಅರ್ಥವಿಲ್ಲದ ಚಿಹ್ನೆಗಳ ಸಾಲು ಉಳಿಯುತ್ತಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನ ಕೊಡುವ ಯೂನಿಕೋಡ್ 1991ರಲ್ಲಿ ಬಂದು, ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಆದರೂ ಸಾಮಾನ್ಯರ ಮೇಜಿನ ಗಣಕಕ್ಕೆ ಆ ಸೌಲಭ್ಯ ಬಂದುದು 2001ರ ವಿಂಡೋಸ್ ಎಕ್ಸ್‌ಪಿಯ ಹೊತ್ತಿಗೆ. ಅದಾದ ಮೇಲೂ ಬಹುಕಾಲ ಜನ ಹಳೆಯ ಅಚ್ಚಿನಲ್ಲಿಯೇ ಬರೆಯುತ್ತಿದ್ದರು.

ಇಪ್ಪತ್ತು ವರ್ಷಗಳ ಹಿಂದೆ ಒಂದು ಶಾಲೆಯವರು ಸ್ಮರಣ ಸಂಚಿಕೆಯನ್ನು ಸಿದ್ಧಪಡಿಸಿ, ಸಿ.ಡಿ.ಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆನ್ನಿ. ಈಗ ತೆರೆದರೆ ಹಿರಿಯರ ನೆನಪುಗಳೂ ಊರಿನ ಐತಿಹ್ಯಗಳೂ ಓದಲಾಗದ ಒಗಟು! 1948ರವರೆಗೆ ಈ ಮೂರೂ ಊರುಗಳು ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದವು. ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ರಂದು ಅವು ಕನ್ನಡ ನಾಡಿನೊಡನೆ ಒಂದಾದವು. ಕಚೇರಿಯಲ್ಲಿ ಕನ್ನಡದ ಕಾಗದವನ್ನು ಕಾಣಲು ಅಷ್ಟು ಕಾಲ ಕಾದಿದ್ದ ನೆಲದಲ್ಲಿ, ಕನ್ನಡದಲ್ಲಿ ಬರೆದುದೇ ಕಣ್ಮರೆಯಾಗುವುದು ಸಣ್ಣ ನಷ್ಟವಲ್ಲ.

ಇಲ್ಲಿ ನೆರವಿಗೆ ಬರುವುದು ಪರಿವರ್ತಕವೆಂಬ ಕಿರು ತಂತ್ರಾಂಶ. ಹಳೆಯ ಸಂಕೇತಗಳನ್ನು ಒಂದೊಂದಾಗಿ ಓದಿ, ಯೂನಿಕೋಡಿನ ಕನ್ನಡವಾಗಿ ಅದು ತಿರುಗಿಸಿಕೊಡುತ್ತದೆ. ಆದರೆ ಯಂತ್ರವನ್ನೇ ನಂಬಿ ಕಣ್ಣು ಮುಚ್ಚುವಂತಿಲ್ಲ. ‘ಧರ್ಮ’ ಎಂಬಲ್ಲಿ ಅರ್ಕಾವತ್ತು ಬರೆಹದಲ್ಲಿ ‘ಮ’ಕಾರದ ಅನಂತರ ಬಂದರೂ ಉಚ್ಚಾರಣೆಯಲ್ಲಿ ಮೊದಲು ಬರುತ್ತದೆ, ಪರಿವರ್ತಕವು ಅದನ್ನು ಹಿಂದಕ್ಕೆ ಸರಿಸಬೇಕು. ನಡುವೆ ನಿಜವಾದ ಇಂಗ್ಲಿಷ್ ಪದವಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿಬಿಡುವುದುಂಟು. ಆದುದರಿಂದ ಮೂಲ ಕಡತವನ್ನು ಅಳಿಸದೆ ಇಟ್ಟುಕೊಂಡು, ಹೊಸದನ್ನು ಸಾಲುಸಾಲಾಗಿ ಓದಿ ತಿದ್ದಬೇಕು.

ಹೀಗೆ ತಿದ್ದಿದ ಬರೆಹದಲ್ಲಿ ಬೇಕಾದ ಪದವನ್ನು ಹುಡುಕಬಹುದೆಂಬುದು ಇನ್ನೊಂದು ಲಾಭ. ಇಲ್ಲಿಯೂ ಒಂದು ತೊಡಕಿದೆ. ಒಬ್ಬರು ‘ಯಾದಗಿರಿ’ ಎಂದರೆ ಮತ್ತೊಬ್ಬರು ‘ಯಾದಗೀರ’ ಎಂದು ಬರೆಯುತ್ತಾರೆ, ‘ಸುರಪುರ’ವೇ ‘ಶೋರಾಪುರ’ವೂ ಹೌದು, ‘ಶಹಾಪುರ’ದ ಪಕ್ಕದಲ್ಲಿ ‘ಶಹಾಪೂರ’ವಿದೆ. ಮನುಷ್ಯನಿಗೆ ಇವು ಒಂದೇ ಊರು, ಯಂತ್ರಕ್ಕೆ ಬೇರೆ ಬೇರೆ. ‘ಹುಡುಕಿ ಬದಲಿಸು’ ಎಂಬ ಸೌಲಭ್ಯವು ನೂರು ಪುಟಗಳಲ್ಲಿಯೂ ಹೆಸರನ್ನು ಒಂದೇ ರೂಪಕ್ಕೆ ತರುತ್ತದೆ.

ಎಚ್ಚರವೂ ಬೇಕು

ಸೇವಕನು ಎಷ್ಟೇ ನಂಬಿಕಸ್ಥನಾದರೂ ಮನೆಯ ಬೀಗದ ಕೈ ಯಾರಲ್ಲಿದೆಯೆಂದು ಯಜಮಾನ ತಿಳಿದಿರಬೇಕು. ವಿಂಡೋಸ್‌ನಲ್ಲಿ 2018ರಿಂದ, ನಕಲಿಸಿದ ಹಲವು ತುಣುಕುಗಳನ್ನು ನೆನಪಿಟ್ಟುಕೊಳ್ಳುವ ಏರ್ಪಾಟಿದೆ. ಒಂದೇ ಹೆಸರನ್ನು ಹತ್ತು ಕಡೆ ತುಂಬುವವರಿಗೆ ಅದು ವರದಾನ. ಆದರೆ ಅಂಗಡಿಯ ಗಣಕದಲ್ಲಿ ಆ ಏರ್ಪಾಟು ಚಾಲನೆಯಲ್ಲಿದ್ದರೆ ಒಬ್ಬರ ಆಧಾರ್ ಸಂಖ್ಯೆ ಮುಂದಿನವರ ಕಣ್ಣಿಗೆ ಬೀಳಬಹುದು; ಕೆಲಸ ಮುಗಿದೊಡನೆ ಅದನ್ನು ಅಳಿಸುವುದು ಲೇಸು. ಹಾಗೆಯೇ ಉಚಿತವೆಂದು ಕಂಡಕಂಡಲ್ಲಿಂದ ತಂತ್ರಾಂಶಗಳನ್ನು ಇಳಿಸಿಕೊಳ್ಳದೆ, ತಯಾರಿಸಿದವರ ತಾಣದಿಂದಲೇ ಪಡೆಯಬೇಕು. ಬೇಡದ ಅತಿಥಿಗಳು ಒಳನುಸುಳುವುದು ಇಂಥ ಬಾಗಿಲಿನಿಂದಲೇ.

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂಬ ಗಾದೆ ಈ ಸೇವಕರಿಗೆ ಪೂರ್ತಿಯಾಗಿ ಒಪ್ಪಲಾರದು. ಅವುಗಳಿಗೆ ಕೀರ್ತಿ ದೊರೆತಿಲ್ಲ. ಆದರೂ ಹುಡುಗನ ಅರ್ಜಿ ಗಡುವಿನೊಳಗೆ ತಲಪಿದಾಗ, ಓದಲಾಗದ ಕಡತದಿಂದ ಗತಿಸಿದ ಗುರುಗಳೊಬ್ಬರ ಮಾತು ಮತ್ತೆ ಕನ್ನಡವಾಗಿ ಮೂಡಿದಾಗ, ಅವುಗಳ ಸೇವೆ ಸಾರ್ಥಕವಾಗುತ್ತದೆ. ಹಳೆಯ ಸಿ.ಡಿ.ಗಳು ಕಪಾಟಿನಲ್ಲಿ ಕೆಟ್ಟುಹೋಗುವ ಮುನ್ನ ಒಮ್ಮೆ ತೆರೆದು ನೋಡುವುದಷ್ಟೇ ಮನುಷ್ಯರ ಪಾಲಿಗೆ ಉಳಿದ ಕೆಲಸ.