ತಗಡಿನ ಟ್ರಂಕಿನಲ್ಲಿ ಕನ್ನಡ ಕಾಮಿಕ್ಸ್

ಅಮರ ಚಿತ್ರಕಥೆಯ ‘ಕೃಷ್ಣ’ ಪುಸ್ತಕಕ್ಕೆ ಸರಣಿ ಸಂಖ್ಯೆ 11 ಯಾಕೆ ಬಂತು? ಹಳೆಯ ಚಿತ್ರಕಥೆ ಕೂಡಿಡುವ ಇಬ್ಬರು ಎಲ್ಲಿ ಕೂತರೂ ಈ ಮಾತು ಬಂದೇ ಬರುತ್ತದೆ. ಅನಂತ ಪೈ ರೂಪಿಸಿದ ಸರಣಿಯ ಮೊದಲ ಪುರಾಣ ಕಥೆ ಅದು, ಲೆಕ್ಕಕ್ಕೆ ಒಂದನೆಯದಾಗಬೇಕಿತ್ತು. ಉತ್ತರ ಇರುವುದು ಬೆಂಗಳೂರಿನಲ್ಲಿ. ಅನಂತ ಪೈ ಕೈಹಾಕುವ ಮೊದಲೇ, 1965ರಲ್ಲಿ, ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅಮರ ಚಿತ್ರಕಥೆಗಳನ್ನು ಕನ್ನಡದಲ್ಲಿ ಹೊರತಂದಿದ್ದರು. ಸಿಂಡ್ರೆಲಾಳಂಥ ಪಾಶ್ಚಾತ್ಯ ಕಥೆಗಳ ಹತ್ತು ಪುಸ್ತಕಗಳು. ಅವು ಚೆನ್ನಾಗಿ ಮಾರಾಟವಾದ ಮೇಲೆಯೇ ಮುಂಬಯಿಯ ಮುಖ್ಯ ಕಚೇರಿಗೆ ಧೈರ್ಯ ಬಂದದ್ದು. ಕಾರ್ಕಳದಲ್ಲಿ ಹುಟ್ಟಿದ ಪೈ ಅವರ ಕೈಗೆ ಕೆಲಸ ಬಂತು, ರಾಮ್ ವಾಯೀರ್ಕರ್ ಕೃಷ್ಣನ ಚಿತ್ರ ಬರೆದರು, ಇಂಗ್ಲಿಷ್ ಪುಸ್ತಕದ ಮೇಲೆ 11 ಎಂದು ಅಚ್ಚಾಯಿತು.

ಇಡೀ ದೇಶದ ಮಕ್ಕಳು ಓದಿದ ಸರಣಿ ಮೊದಲು ಕಣ್ಣು ಬಿಟ್ಟದ್ದು ಕನ್ನಡದಲ್ಲಿ. ಆ ಮೊದಲ ಹತ್ತು ಕನ್ನಡ ಪುಸ್ತಕಗಳನ್ನು ಒಟ್ಟಿಗೆ ಜೋಡಿಸಿಟ್ಟದ್ದನ್ನು ನಾನು ಈವರೆಗೆ ಎಲ್ಲಿಯೂ ನೋಡಿಲ್ಲ. ಕೂಡಿಡುವ ಹುಚ್ಚಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ವಾಡಿ, ಸೇಡಂ ಸುತ್ತಿನ ನಮ್ಮ ಕಡೆಯವರಿಗೆ ಈ ಹುಚ್ಚು ಹತ್ತಲು ರೈಲೂ ಒಂದು ಕಾರಣ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಹಾಕಿದ ದಾರಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಹಿಡಿದು ಹೋಗುತ್ತದೆ. ಹೈದರಾಬಾದಿನ ನಾಂಪಲ್ಲಿಯಲ್ಲಿ ಇಳಿದು ಸ್ವಲ್ಪ ನಡೆದರೆ ಅಬಿಡ್ಸ್. ಭಾನುವಾರ ಅಲ್ಲಿ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ, ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕಗಳ ಸಂತೆ ತೆರೆದಿರುತ್ತದೆ. ತೆಲುಗು ಚಂದಮಾಮ, ಹಿಂದಿಯ ಚಾಚಾ ಚೌಧರಿ, ಇಂಗ್ಲಿಷ್ ಇಂದ್ರಜಾಲ ಎಲ್ಲವೂ ಒಂದೇ ರಾಶಿಯಲ್ಲಿ. ಅದರ ತಳದಲ್ಲಿ ಒಂದು ಕನ್ನಡ ಅಕ್ಷರ ಕಂಡರೆ ಎದೆ ಹಾರುತ್ತದೆ. ಈ ಕಡೆ ವಾಡಿ, ಶಹಾಬಾದಿನ ರದ್ದಿ ಅಂಗಡಿಗಳೂ ಕಡಿಮೆಯಲ್ಲ. ಸಿಮೆಂಟ್ ಕಾರ್ಖಾನೆಯ ಕಾಲೊನಿಗೆ ನಾನಾ ಊರಿನ ಕುಟುಂಬಗಳು ಬಂದವು. ವರ್ಗವಾಗಿ ಹೋಗುವಾಗ ಮಕ್ಕಳ ಪುಸ್ತಕದ ಕಟ್ಟನ್ನು ತೂಕಕ್ಕೆ ಹಾಕಿ ಹೋದವು. ಪರಿಚಯವಾದ ರದ್ದಿಯವರು ಆಮೇಲೆ ತಾವೇ ಕರೆಯುತ್ತಾರೆ: “ಸರ್, ಫ್ಯಾಂಟಮ್ ಬಂದಾವ್ರಿ, ತೂಕಕ್ಕ ಹಾಕೋದರಾಗ ಬಂದು ನೋಡ್ರಿ.” ಫೋನಿನಲ್ಲಿ ಈ ಮಾತು ಕೇಳಿದ ದಿನ ಬೇರೆ ಕೆಲಸ ಮಾಡಲು ಮನಸ್ಸು ಬರುವುದಿಲ್ಲ.

ಫ್ಯಾಂಟಮ್ ಕಥೆ ತಂದ ಇಂದ್ರಜಾಲ ಕಾಮಿಕ್ಸ್ ಶುರುವಾದದ್ದು 1964ರ ಮಾರ್ಚಿನಲ್ಲಿ, ನಿಂತದ್ದು 1990ರಲ್ಲಿ. ಕನ್ನಡದಲ್ಲೂ ಬಂತು. ಸಂಖ್ಯೆಯ ಸಾಲು ಹಿಡಿದು ಹೊರಟವರು 122ರ ನಂತರ ತಡವರಿಸುತ್ತಾರೆ. 123 ಮತ್ತು 124 ಯಾರ ಹತ್ತಿರವೂ ಇಲ್ಲ. ಮುಷ್ಕರದಿಂದಾಗಿ ಆ ಎರಡು ಸಂಚಿಕೆಗಳು ಅಚ್ಚಾಗಲೇ ಇಲ್ಲ. ಈ ಸಂಗತಿ ಹಳಬರು ಹೊಸಬರಿಗೆ ಹೇಳಬೇಕು, ಹೊಸಬರು ಕೇಳಿ ನಿಟ್ಟುಸಿರು ಬಿಡಬೇಕು. ಕೂಡಿಡುವವರ ಬಳಗ ಬೆಳೆಯುವುದು ಹೀಗೆಯೇ.

ಚಂದಮಾಮದ ರುಚಿ ಬೇರೆ. ನಾಗಿರೆಡ್ಡಿ, ಚಕ್ರಪಾಣಿ ಅವರ ಈ ಪತ್ರಿಕೆ 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾಗಿ 1949ಕ್ಕೆ ಕನ್ನಡಕ್ಕೂ ಬಂತು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದ ವಿಕ್ರಮನನ್ನು ನಮ್ಮ ಕಣ್ಣಲ್ಲಿ ಕೂರಿಸಿದ ಕಲಾವಿದ ಶಂಕರ್ 2020ರಲ್ಲಿ, 96ರ ವಯಸ್ಸಿನಲ್ಲಿ ತೀರಿಕೊಂಡರು. ಹಳೆಯ ಸಂಚಿಕೆಯೊಂದು ಕೈಗೆ ಸಿಕ್ಕರೆ ನಾನು ಮೊದಲು ಬೇತಾಳನ ಪುಟ ತೆಗೆಯುವುದಿಲ್ಲ, ಕೊನೆಗೆ ಹೋಗುತ್ತೇನೆ. ಅಲ್ಲಿ ಎರಡು ಫೋಟೋ ಕೊಟ್ಟು ಅವಕ್ಕೆ ಹೊಂದುವ ಮಾತು ಬರೆಯಿರಿ ಎಂಬ ಸ್ಪರ್ಧೆ ಇರುತ್ತಿತ್ತು, ಗೆದ್ದವರ ಹೆಸರು, ಊರು ಅಚ್ಚಾಗುತ್ತಿತ್ತು. ನಮ್ಮ ಜಿಲ್ಲೆಯ ಊರು ಇದೆಯೇ ಎಂದು ಬೆರಳಿಟ್ಟು ಹುಡುಕುವ ಸುಖ ಹೊಸ ಮುದ್ರಣದಲ್ಲಿ ಸಿಗುವಂಥದ್ದಲ್ಲ. ಪುಟ ತಿರುವಿದರೆ ಮೊದಲ ಒಡೆಯನ ಹೆಸರು, ತರಗತಿ ನೀಲಿ ಶಾಯಿಯಲ್ಲಿ. ಅದರ ಕೆಳಗೆ, ಕದ್ದವರ ಕೈಗೆ ಹುಳ ಬೀಳಲಿ ಎಂಬ ಶಾಪ. ಸ್ಟೇಪಲ್ ಪಿನ್ನಿನ ತುಕ್ಕು ಮಧ್ಯದ ಹಾಳೆಯಲ್ಲಿ ಕಂದು ಕಲೆಯಾಗಿ ಹಬ್ಬಿರುತ್ತದೆ. ಅಂಗಡಿಯವರು ಇದನ್ನೆಲ್ಲ ದೋಷ ಎಂದು ಬೆಲೆ ಇಳಿಸುತ್ತಾರೆ. ನನಗಂತೂ ಹೆಸರು ಬರೆದ ಪ್ರತಿಯೇ ಇಷ್ಟ.

ಚಿತ್ರ, ಅದರ ಕೆಳಗೆ ಎರಡು ಮಾತು. ಈ ಪದ್ಧತಿ ನಮ್ಮ ನೆಲಕ್ಕೆ ಹೊಸದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಪಕ್ಕ, ಭೀಮಾ ದಂಡೆಯ ಕನಗನಹಳ್ಳಿಯ ಸ್ತೂಪದ ಕಲ್ಲುಗಳ ಮೇಲೆ ಜಾತಕ ಕಥೆಗಳನ್ನು ಕೆತ್ತಿ, ಇವರು ಇಂಥವರು ಎಂದು ಬ್ರಾಹ್ಮಿ ಲಿಪಿಯಲ್ಲಿ ಹೆಸರೂ ಬರೆದಿದ್ದಾರೆ. ರಾಣಿಯೊಂದಿಗೆ ನಿಂತ ರಾಜನ ಶಿಲ್ಪದ ಮೇಲೆ ‘ರಾಯೋ ಅಸೋಕೋ’ ಎಂದಿದೆ. ಅಶೋಕನನ್ನು ಹೆಸರು ಹಿಡಿದು ತೋರಿಸುವ ಶಿಲ್ಪ ಅದು. ಸುಣ್ಣಕಲ್ಲಿನ ಮೇಲೆ ಚಿತ್ರಕಥೆ ಓದಿದ ಜನ ಎರಡು ಸಾವಿರ ವರ್ಷದ ಹಿಂದೆಯೇ ಇಲ್ಲಿದ್ದರು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಪುಸ್ತಕಕ್ಕೆ ದುಡ್ಡಿಲ್ಲದ ಮಕ್ಕಳು ಕಡ್ಡಿಪೆಟ್ಟಿಗೆ, ಸಿಗರೇಟ್ ಪಾಕೀಟು ಕೂಡಿಸಿದರು. ತೆಂಗಳಿ, ಕಾಳಗಿ, ಚಿಂಚೋಳಿ ಕಡೆಯ ಓಣಿಗಳಲ್ಲಿ ಅದೊಂದು ದೊಡ್ಡ ವ್ಯವಹಾರ. ನೆಲದ ಮೇಲೆ ಗೆರೆ ಎಳೆದು, ಚಿತ್ರಗಳನ್ನು ಅಟ್ಟಿ ಇಟ್ಟು, ಫರ್ಸಿಯ ಚೂರಿನಿಂದ ಹೊಡೆದು ಹೊರಗೆ ತಳ್ಳಿದಷ್ಟು ನಮ್ಮದು. ಹೈದರಾಬಾದಿನ ಚಾರ್‌ಮಿನಾರ್ ಪಾಕೀಟು ಎಲ್ಲೆಂದರಲ್ಲಿ ಸಿಗುತ್ತಿದ್ದುದರಿಂದ ಅದಕ್ಕೆ ಬೆಲೆ ಕಡಿಮೆ, ಅಪರೂಪದ ಪಾಕೀಟಿಗೆ ಹೆಚ್ಚು. ಎಂಬತ್ತರ ದಶಕದಲ್ಲಿ ಬಿಗ್ ಫನ್ ಬಬಲ್‌ಗಮ್ ಬಂತು. ಅದರ ಜೊತೆಗಿನ ಚೀಟಿಯಲ್ಲಿ ಕ್ರಿಕೆಟ್ ಆಟಗಾರರು, ರನ್ನು, ವಿಕೆಟ್ಟು. ಇಷ್ಟು ರನ್ ಕೂಡಿಸಿದರೆ ಬಹುಮಾನ. ತೊಂಬತ್ತರಲ್ಲಿ ಡಬ್ಲ್ಯುಡಬ್ಲ್ಯುಎಫ್ ಕುಸ್ತಿ ಕಾರ್ಡುಗಳ ಕಾಲ. ಎತ್ತರ, ತೂಕ, ಎದೆಯ ಸುತ್ತಳತೆ, ರ‍್ಯಾಂಕು ಹೇಳಿ ಎದುರಾಳಿಯ ಕಾರ್ಡು ಗೆಲ್ಲಬೇಕು. ಇಂಗ್ಲಿಷ್ ಅಂಕಿ ಸರಸರ ಓದಲು ಎಷ್ಟೋ ಮಕ್ಕಳು ಕಲಿತದ್ದು ಅಲ್ಲಿಯೇ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು, ಜಾತ್ರೆಯ ತಗಡಿನ ಆಟಿಗೆ ಇವೂ ಕೂಡಿಡುವ ವಸ್ತುಗಳೇ. ಆದರೆ ಮಣ್ಣೆತ್ತು ಮಳೆಗೆ ಕರಗಬೇಕು, ಅದರ ಧರ್ಮವೇ ಅದು.

ಬೆಲೆಯ ಮಾತೂ ಬರಲಿ. 1938ರಲ್ಲಿ ಹತ್ತು ಸೆಂಟಿಗೆ ಮಾರಿದ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಪ್ರತಿಯೊಂದು 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಅಷ್ಟು ಬೆಲೆ ಬರಲು ಕಾರಣ, ಉಳಿದ ಪ್ರತಿಗಳನ್ನು ಮನೆಯವರು ಕಸವೆಂದು ಎಸೆದದ್ದು, ಯುದ್ಧಕಾಲದಲ್ಲಿ ಹಳೆಯ ಕಾಗದ ಒಟ್ಟು ಮಾಡುವಾಗ ಕೊಟ್ಟುಬಿಟ್ಟದ್ದು. ನಮ್ಮಲ್ಲಿ ಆ ಕೆಲಸವನ್ನು ದೀಪಾವಳಿಯ ಸುಣ್ಣಬಣ್ಣ ಮಾಡುತ್ತದೆ. ಕನ್ನಡ ಕಾಮಿಕ್ಸಿಗೆ ಅಂಥ ಬೆಲೆ ಬಂದಿಲ್ಲ, ಬರಲಿಕ್ಕಿಲ್ಲ. ಹಾಗಾಗಿ ಕಾಪಾಡುವವರು ಪ್ರೀತಿಯಿಂದಲೇ ಕಾಪಾಡಬೇಕು. ಬಾಲಮಂಗಳ ಪತ್ರಿಕೆಯ ಇಲಿವೀರ ಡಿಂಗನನ್ನು ವಾರಗಟ್ಟಲೆ ಕಾದವರು ಈಗ ನಡುವಯಸ್ಸಿನವರು. ಅವರ ಮಕ್ಕಳಿಗೆ ತೋರಿಸಲು ಒಂದು ಸಂಚಿಕೆಯೂ ಮನೆಯಲ್ಲಿಲ್ಲ.

ಅದಕ್ಕೇ ಕೇಳುತ್ತೇನೆ, ಈ ಸಲ ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲಿನ ತಗಡಿನ ಟ್ರಂಕನ್ನು ಒಮ್ಮೆ ಬಿಚ್ಚಿ ನೋಡಿ. ಚಿತ್ರಕಥೆ ಸಿಕ್ಕರೆ ಲ್ಯಾಮಿನೇಶನ್ ಮಾಡಿಸಬೇಡಿ, ಹರಿದ ಹಾಳೆಗೆ ಟೇಪು ಅಂಟಿಸಬೇಡಿ, ರಕ್ಷಾಪುಟ ಕಿತ್ತು ಬೈಂಡ್ ಹಾಕಿಸಬೇಡಿ. ತುಕ್ಕು ಹಿಡಿದ ಪಿನ್ನು ನಿಧಾನಕ್ಕೆ ಬಿಚ್ಚಿ, ಬಿಸಿಲು, ಸಿಮೆಂಟಿನ ಧೂಳು ತಾಗದ ಕಡೆ ಇಡಿ. ಸಂಚಿಕೆಯ ಸಂಖ್ಯೆ, ವರ್ಷ ಒಂದು ಚೀಟಿಯಲ್ಲಿ ಬರೆಯಿರಿ. ಅದರಲ್ಲಿ 1965ರ ಕನ್ನಡ ಅಮರ ಚಿತ್ರಕಥೆ ಒಂದಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.